ಚಿತ್ತೋರ್‌ಗೆ ಹೋಗಿ ಬಂದೆ, ನಮ್ಮೂರ ಕೋಟೆ ನೋಡಿರಲಿಲ್ಲ

ಎರಡು ವರ್ಷದ ಹಿಂದೆ ಆಫೀಸಿನ ಗೆಳೆಯರ ಜೊತೆ ರಾಜಸ್ಥಾನಕ್ಕೆ ಹೋಗಿದ್ದೆ. ಚಿತ್ತೋರ್‌ಗಢದ ಬೆಟ್ಟ ಹತ್ತಿ, ವಿಜಯಸ್ತಂಭದ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಗೈಡ್ ಹೇಳಿದ ಕಥೆಗಳಿಗೆಲ್ಲ ತಲೆದೂಗಿದೆವು. ವಾಪಸ್ ಬರುವಾಗ ರೈಲಿನಲ್ಲಿ ಒಬ್ಬ ಗೆಳತಿ ಕೇಳಿದಳು: "ನಿಮ್ಮ ಬೀದರ್‌ನಲ್ಲೂ ಕೋಟೆ ಇದೆ ಅಲ್ವಾ? ಅದರ ಕಥೆ ಏನು?"

"ಬಹಮನಿ ಸುಲ್ತಾನರು ಕಟ್ಟಿಸಿದ್ದು" ಅಂದೆ. ಮುಂದೆ ಮಾತೇ ಬರಲಿಲ್ಲ.

ನಾನು ಔರಾದಿನವನು. ಇಂಜಿನಿಯರಿಂಗ್ ಓದಿದ್ದು ಬೀದರ್‌ನಲ್ಲೇ. ಆ ನಾಲ್ಕು ವರ್ಷದಲ್ಲಿ ಕೋಟೆಯೊಳಗೆ ಕಾಲಿಟ್ಟಿದ್ದು ಎರಡು ಸಲ, ಅದೂ ಕ್ಲಾಸ್ ಬಂಕ್ ಮಾಡಿ. ಹೋಗಿದ್ದೆ, ಆದರೆ ನೋಡಿರಲಿಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಭಾಲ್ಕಿಯಿಂದ ಅಕ್ಕನೂ ಬಂದಿದ್ದಳು. ಆರನೇ ಕ್ಲಾಸಿನ ಅವಳ ಮಗಳಿಗೆ ಶಾಲೆಯಲ್ಲಿ ಕೋಟೆ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದರು. "ಮಾಮಾ, ನೆಟ್‌ನಿಂದ ತೆಗೆದುಕೊಡು" ಅಂದಳು. ಅಪ್ಪ ಬಿಡಲಿಲ್ಲ. ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವರು. "ಕೋಟಿ ಇಲ್ಲೇ ಅದ, ನೆಟ್ಟಿನ್ಯಾಗ ಯಾಕ ಹುಡುಕ್ತೀರಿ? ನಡೀರಿ" ಅಂದರು.

ಅಗೆದ ಕಲ್ಲೇ ಗೋಡೆ

ಅಹ್ಮದ್ ಶಾಹ ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದದ್ದು 1420ರ ದಶಕದಲ್ಲಿ. 1432ರ ಹೊತ್ತಿಗೆ ಈಗಿನ ಕೋಟೆ ಎದ್ದು ನಿಂತಿತ್ತು. ನಾವು ಬಾಯಿ ತೆರೆದು ನೋಡಿದ ಚಿತ್ತೋರಿನ ವಿಜಯಸ್ತಂಭ 1448ರದ್ದು. ಅಂದರೆ ಎರಡೂ ಒಂದೇ ಕಾಲದವು.

ಕೋಟೆಗೆ 37 ಬುರುಜು. ಸುತ್ತ ಕಂದಕ, ಕೆಲವು ಕಡೆ ಒಂದರ ಪಕ್ಕ ಒಂದರಂತೆ ಮೂರು ಸಾಲು. ಅದನ್ನು ಕಟ್ಟಿದ್ದಲ್ಲ, ಕೆಂಪು ಜಂಬಿಟ್ಟಿಗೆ ಬಂಡೆಯನ್ನೇ ಕಡಿದು ಮಾಡಿದ್ದು. ಈ ಕಲ್ಲು ನೆಲದೊಳಗಿದ್ದಾಗ ಮೆತ್ತಗಿರುತ್ತದೆ, ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಕಡಿಯುವುದು ಸುಲಭ, ಕಡಿದ ಕಲ್ಲು ಗೋಡೆಗೂ ಆಯಿತು. ಒಂದೇ ಅಗೆತದಲ್ಲಿ ಎರಡು ಕೆಲಸ!

ಒಳಗೆ ಹೋಗುವಾಗ ಸಿಗುವುದು ಶರ್ಜಾ ದರ್ವಾಜಾ. ಅದರ ಮೇಲಿನ ಶಾಸನ 1503ರದ್ದು. ಎದುರಿಗೇ ಎರಡು ಹುಲಿಗಳ ಕೆತ್ತನೆ. ಹೆಸರು ಬಂದಿದ್ದೂ ಅದರಿಂದಲೇ. ಸೊಸೆ ಅದರ ಚಿತ್ರ ಬರೆದುಕೊಂಡಳು.

ಬೆಟ್ಟದ ಮೇಲೆ ನೀರು

ಸುಲ್ತಾನರ ಶಾಹಿ ಹಮಾಮು ಈಗ ಮ್ಯೂಸಿಯಂ. ಅಲ್ಲಿ ಅಪ್ಪ ನನ್ನನ್ನು ನಿಲ್ಲಿಸಿ ಕೇಳಿದರು: "ಇಷ್ಟ ಎತ್ತರದ ಮ್ಯಾಲ ಸ್ನಾನಕ್ಕ ನೀರ ಎಲ್ಲಿಂದ ಬರ್ತಿತ್ತು? ನೀ ಇಂಜಿನಿಯರ್, ಹೇಳು."

"ಬಾವಿ ಇರಬೇಕು" ಅಂದೆ. ಅಪ್ಪ ನಕ್ಕರು.

ಬೀದರ್ ಇರುವುದು ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲೆ. ಮೇಲಿನ ಜಂಬಿಟ್ಟಿಗೆ ತೂತುತೂತು, ಮಳೆ ನೀರು ಬೇಗ ಇಂಗುತ್ತದೆ. ಅದರ ಕೆಳಗೆ ಕಪ್ಪು ಕಲ್ಲಿನ ಗಟ್ಟಿ ಪದರ. ಇಂಗಿದ ನೀರು ಈ ಎರಡರ ನಡುವೆ ನಿಲ್ಲುತ್ತದೆ. ಆ ಮಟ್ಟಕ್ಕೆ ಸುರಂಗ ಕೊರೆದು, ಸಣ್ಣ ಇಳಿಜಾರು ಕೊಟ್ಟು, ಬೇಕಾದ ಕಡೆ ನೀರು ಹರಿಸಿದರು. ಇದೇ ಕರೇಜ್, ನಮ್ಮ ಜನ ಹೇಳುವ ಸುರಂಗ ಬಾವಿ. ವಿದ್ಯೆ ಇರಾನಿನದು. ಮೇಲಿಂದ ಅಲ್ಲಲ್ಲಿ ಬಾವಿಯಂಥ ಗಾಳಿಗಂಡಿ. ಮಣ್ಣು ಹೊರಹಾಕಲೂ ಅದೇ ದಾರಿ. ಮೋಟಾರಿಲ್ಲ, ಕರೆಂಟಿಲ್ಲ, ಬರೀ ಇಳಿಜಾರು. ನೌಬಾದಿನ ಕರೇಜ್ ಹೂಳು ತುಂಬಿ ಜನ ಮರೆತೇಬಿಟ್ಟಿದ್ದರು. ಬೀದರಿನ ಐತಿಹಾಸಿಕ ನಗರ 2014ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಗೆ ಸೇರಿತು. ಪ್ರತಿ ಬೇಸಿಗೆ ಟ್ಯಾಂಕರಿಗೆ ಫೋನ್ ಮಾಡುವ ನನಗೆ ಅಲ್ಲಿ ನಿಂತು ಸ್ವಲ್ಪ ನಾಚಿಕೆಯೇ ಆಯಿತು.

ಗೆದ್ದವರು, ಸೋತವರು

ರಂಗೀನ್ ಮಹಲ್‌ನಲ್ಲಿ ಸೊಸೆ ಬಹಳ ಹೊತ್ತು ನಿಂತಳು. 1542ರಿಂದ 1580ರವರೆಗೆ ಆಳಿದ ಅಲಿ ಬರೀದ್ ಶಾಹನ ಕಾಲದ ಕೆಲಸ ಅದು. ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು, ಬಣ್ಣದ ಹೆಂಚು, ಕೆತ್ತಿದ ಮರದ ಕಂಬ. ಬರೀದ್ ಶಾಹಿಗಳ ನಂತರ ಕೋಟೆ ಬಿಜಾಪುರದವರ ಕೈಗೆ ಬಂತು. 1657ರಲ್ಲಿ ಔರಂಗಜೇಬ್ 27 ದಿನ ಮುತ್ತಿಗೆ ಹಾಕಿ ಗೆದ್ದ. ಕೋಟೆ ಕಾಯುತ್ತಿದ್ದ ಸಿದ್ದಿ ಮರ್ಜಾನ್ ಮದ್ದಿನ ಸ್ಫೋಟದಲ್ಲಿ ಗಾಯಗೊಂಡು ಸತ್ತ. ಚಿತ್ತೋರಿನ ವೀರರ ಹೆಸರು ನನಗೆ ಸಿನಿಮಾದಿಂದ ಗೊತ್ತು. ಮರ್ಜಾನನ ಹೆಸರು ಕೇಳಿದ್ದು ಅವತ್ತೇ ಮೊದಲು.

ನಾಲಿಗೆಯ ಮೇಲಿನ ಮಣ್ಣು

ಹೊರಗೆ ಬಂದು ಒಂದು ಬಿದರಿ ಅಂಗಡಿಗೆ ಹೋದೆವು. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕುದಿಸಿದ ನೀರಿನಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಕೆಲಸ ಮಾಡುತ್ತಿದ್ದ ಕಾಕಾ ಚಿಟಿಕೆ ಮಣ್ಣು ನಾಲಿಗೆ ಮೇಲೆ ಇಟ್ಟುಕೊಂಡು ತೋರಿಸಿದರು.

"ಎಲ್ಲಾ ಕಡಿ ಮಣ್ಣ ನಡಿಯಲ್ಲ ಬೇಟಾ. ಮಳಿ, ಬಿಸಿಲು ಬೀಳದ ಹಳೇ ಜಾಗದ್ದೇ ಬೇಕು. ರುಚಿ ನೋಡಿದ್ರ ಗೊತ್ತಾಗ್ತದ."

"ಮುಂದ ಸಿಗ್ತದೇನ್ರಿ ಕಾಕಾ?" ಅಂತ ಕೇಳಿದೆ.

"ಬೆಳ್ಳಿ ಕೊಂಡ್ಕೋಬಹುದು, ಸತು ಕೊಂಡ್ಕೋಬಹುದು. ಈ ಮಣ್ಣ ಯಾರು ಮಾಡ್ತಾರ?"

ಆ ಮಾತು ಇನ್ನೂ ತಲೆಯಲ್ಲಿದೆ. ಕೋಟೆ ಅಂದರೆ ಬರೀ ಗೋಡೆ ಅಂದುಕೊಂಡಿದ್ದೆ. ಅದರ ಮಣ್ಣಿನಿಂದ ಇವತ್ತಿಗೂ ಮನೆಗಳ ಒಲೆ ಉರಿಯುತ್ತಿದೆ.

ಚಿತ್ತೋರ್ ಸೇರಿ ರಾಜಸ್ಥಾನದ ಆರು ಗಿರಿದುರ್ಗಗಳು 2013ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೀದರ್, ಕಲಬುರಗಿ, ವಿಜಯಪುರದ ಸ್ಮಾರಕಗಳು 2014ರಲ್ಲಿ ತಾತ್ಕಾಲಿಕ ಪಟ್ಟಿಗೆ ಬಂದವು. ಪೂರ್ಣ ಪಟ್ಟಿಗೂ ಸೇರಲಿ, ಸಂತೋಷ. ಆದರೆ ಊರಿನವರಿಗೇ ಗೊತ್ತಿಲ್ಲದ ಕೋಟೆಯನ್ನು ಯಾವ ಪಟ್ಟಿ ಉಳಿಸೀತು?

ಸಂಜೆ ಔರಾದಿನ ಬಸ್ಸಿನಲ್ಲಿ ಅಪ್ಪ ಕಿಟಕಿ ಕಡೆ ನೋಡುತ್ತಾ ಹೇಳಿದರು: "ಪ್ರತಿ ವರ್ಷ ಶಾಲಿ ಹುಡುಗರ್ನ ಇಲ್ಲಿಗೆ ಕರ್ಕೊಂಡ ಬರ್ತಿದ್ದೆ. ನಿನ್ನ ಮಾತ್ರ ಟ್ಯೂಷನ್ನಿಗೆ ಕಳಸ್ತಿದ್ದೆ, ಓದಿ ಮುಂದ ಹೋಗ್ಲಿ ಅಂತ." ನಾನೇನೂ ಹೇಳಲಿಲ್ಲ. ಅವರ ನೋಯುವ ಮೊಣಕಾಲಿನ ಮೇಲೆ ಸೊಸೆ ತಲೆಯಿಟ್ಟು ಮಲಗಿದ್ದಳು.

ಪ್ರಾಜೆಕ್ಟಿನಲ್ಲಿ ಅವಳು ಬರೆದಿದ್ದು ಸುಲ್ತಾನರ ಚಿತ್ರವಲ್ಲ, ಕರೇಜಿನ ಚಿತ್ರ. ಅದನ್ನೇ ಫೋಟೊ ತೆಗೆದು, ರೈಲಿನಲ್ಲಿ ಪ್ರಶ್ನೆ ಕೇಳಿದ ಗೆಳತಿಗೆ ಕಳಿಸಿದೆ. ಎರಡು ವರ್ಷ ತಡವಾದ ಉತ್ತರ.

ನೀವೂ ಹೋಗುವುದಾದರೆ ಚಳಿಗಾಲದ ಒಂದು ಬೆಳಿಗ್ಗೆ ಹೋಗಿ, ಅರ್ಧ ದಿನ ಇಟ್ಟುಕೊಳ್ಳಿ. ರಂಗೀನ್ ಮಹಲ್‌ಗೆ ಬೀಗ ಇದ್ದರೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ ನೋಡಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಅವರಿಗೆ ಗೊತ್ತಿರುತ್ತದೆ, ನಾವು ಕೇಳಿರುವುದಿಲ್ಲ ಅಷ್ಟೇ.