ನೆರೆಮನೆಯ ಕೂಗು

ಹಟ್ಟಿಯಂಗಡಿಯ ಸಿದ್ಧಿವಿನಾಯಕನ ಸನ್ನಿಧಿಗೆ ಸಂಸಾರದ ಕ್ಷೇಮವನ್ನು ಬೇಡಿ ಬರುವವರು ಬಹುಮಂದಿ. ಆದರೆ ಕ್ಷೇಮವು ಹರಕೆಯೊಂದರಿಂದಲೇ ನಿಲ್ಲತಕ್ಕುದಲ್ಲ. ಈ ಸೀಮೆಯ ಮನೆಗಳು ಗದ್ದೆ ತೋಟಗಳ ನಡುವೆ ಬಿಡಿಬಿಡಿಯಾಗಿರುವುವು. ರಾತ್ರಿ ಒಂದು ಮನೆಯಲ್ಲೆದ್ದ ಕೂಗು ನೆರೆಯ ಒಂದೆರಡು ಮನೆಗಳಿಗಲ್ಲದೆ ಕೇಳಿಸದು. ಕೇಳಿದವರೂ ಬಾಗಿಲು ಹಾಕಿಕೊಂಡರೆ ಆ ಹೆಂಗಸಿಗೆ ದಿಕ್ಕಾರು?

“ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ” ಎಂದು ಹೇಳಿ ಸುಮ್ಮನಾಗುವವರುಂಟು. ಗಾದೆ ಸುಳ್ಳಲ್ಲ, ಆದರೆ ಅದು ಜಗಳದ ಮಾತು, ಹೊಡೆತದ ಮಾತಲ್ಲ. ಜಗಳದಲ್ಲಿ ಇಬ್ಬರಿಗೂ ಬಾಯಿಯುಂಟು; ಹೊಡೆತದಲ್ಲಿ ಒಬ್ಬನಿಗೆ ಕೈ, ಮತ್ತೊಬ್ಬಳಿಗೆ ಭಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತ ಸ್ತ್ರೀಯರ ಪೈಕಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆಯನ್ನು ಅನುಭವಿಸಿದುದಾಗಿ ಹೇಳಿದರು. ಕುಡಿತವೇ ಇದಕ್ಕೆಲ್ಲ ಕಾರಣವೆಂಬರು. ಆದರೆ ಕುಡಿದವನು ಧಣಿಯ ಮೇಲೆ ಕೈಯೆತ್ತನು, ಹೆಂಡತಿಯ ಮೇಲೆ ಎತ್ತುವನು. ಕೇಳುವವರಿಲ್ಲವೆಂಬ ಧೈರ್ಯವೇ ಇದರ ಬೇರು.

ನಮ್ಮ ಕರಾವಳಿಯ ಅಳಿಯಸಂತಾನದ ಕುಟುಂಬಗಳಲ್ಲಿ ಹೆಣ್ಣಿಗೆ ಮೂಲಮನೆಯಲ್ಲಿ ಹಕ್ಕಿದ್ದಿತು. ಬಾಳಲಾಗದಿದ್ದಾಗ ಅವಳು ಮರಳಿ ಬರುತ್ತಿದ್ದುದು ಪರರ ದಯೆಯಿಂದಲ್ಲ. ಆ ಪದ್ಧತಿಯಲ್ಲಿ ಯಜಮಾನರ ದರ್ಪವಿರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೂ ಮರಳಲು ಮನೆಯುಂಟೆಂಬುದೇ ಒಂದು ರಕ್ಷೆಯಾಗಿದ್ದಿತು. ಇಂದು “ಹೊಂದಿಕೊಂಡು ಹೋಗು ಮಗಳೆ” ಎಂದು ತವರೇ ಹಿಂದಕ್ಕಟ್ಟುವುದನ್ನು ಕಾಣುತ್ತಿದ್ದೇವೆ.

2005ರಲ್ಲಿ ಅಂಗೀಕೃತವಾಗಿ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾನೂನು ಹೆಂಗಸಿಗೆ ತಾನು ಬಾಳುವ ಮನೆಯಲ್ಲಿಯೇ ವಾಸದ ಹಕ್ಕನ್ನು ಕೊಟ್ಟಿದೆ. ನ್ಯಾಯಾಲಯದ ರಕ್ಷಣಾದೇಶವನ್ನು ಮೀರಿದವನಿಗೆ ಒಂದು ವರ್ಷದ ವರೆಗೆ ಸಜೆಯುಂಟು. ಇದರ 4ನೆಯ ಕಲಮನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಹಿಂಸೆ ನಡೆದಿದೆಯೆಂದು ಮಾತ್ರವಲ್ಲ, ನಡೆಯುವ ಸಂಭವವಿದೆಯೆಂದು ನಂಬಲು ಕಾರಣವುಳ್ಳ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವದಿಂದ ತಿಳಿಸಿದವರ ಮೇಲೆ ವ್ಯಾಜ್ಯ ನಿಲ್ಲದು. ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ಈ ಅಧಿಕಾರವಿದೆ. ಪ್ರಾಣಾಪಾಯವಿದ್ದರೆ 112, ಸಲಹೆ ಸಹಾಯಗಳಿಗೆ 181 ಎಂಬ ದೂರವಾಣಿಗಳುಂಟು.

ಅಧಿಕಾರಿಗಳಿಗೂ ಒಂದು ಮಾತು. ದೂರು ತಂದ ಹೆಂಗಸಿಗೆ ಅವಳ ಹಕ್ಕುಗಳನ್ನು ತಿಳಿಸುವುದು 5ನೆಯ ಕಲಮು ವಿಧಿಸಿದ ಕರ್ತವ್ಯ. ರಾಜಿಯ ಬುದ್ಧಿ ಹೇಳಿ ಅದೇ ಮನೆಗೆ ಕಳುಹಿಸುವುದು ಕರ್ತವ್ಯವಲ್ಲ. ಇನ್ನು ನೆರೆಯವರು ಮಾಡತಕ್ಕುದು ಇಷ್ಟೆ: ಕೂಗು ಕೇಳಿದಾಗ ನಾಲ್ಕು ಜನ ಕೂಡಿ ಹೋಗಿ ಬಾಗಿಲು ತಟ್ಟಬೇಕು, ಮರುದಿನ ಆಕೆಯನ್ನು ಒಬ್ಬಳನ್ನೇ ಕಂಡು, ಅವಳ ಇಷ್ಟವನ್ನು ಕೇಳಿ, ಅದರಂತೆ ನೆರವಾಗಬೇಕು. ಬೆಂಕಿ ಬಿದ್ದ ಮನೆಗೆ ಕೊಡ ಹಿಡಿದು ಓಡುವ ನಾವು, ಇದನ್ನು ಮಾತ್ರ ಪರರ ಮನೆಯ ಮಾತೆಂದು ಬಿಡುವುದು ಯಾವ ನ್ಯಾಯ?