ನಾಲ್ಕು ತಂಡ, ಒಂದೇ ಸಾಧನೆ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ನ 2024ರ ಫಲಿತಾಂಶಗಳನ್ನು ಹಾಳೆಯ ಮೇಲೆ ಬರೆದುಕೊಂಡು ಕೂತಾಗ ಸಿಕ್ಕ ಲೆಕ್ಕವೊಂದು ಇನ್ನೂ ತಲೆಯಿಂದ ಇಳಿದಿಲ್ಲ. ಅಗ್ರಸ್ಥಾನ ಟೆನ್ನೆಸ್ಸಿಯದು: 14 ಗೆಲುವು, 4 ಸೋಲು. ಅದರ ಬೆನ್ನಿಗೇ ಕೆಂಟಕಿ, ಅಲಬಾಮಾ, ಆಬರ್ನ್, ಸೌತ್ ಕೆರೊಲಿನಾ. ನಾಲ್ಕರದ್ದೂ 13–5.

ಲೀಗ್ ಪಂದ್ಯಗಳ ನಂತರ ಇದೇ ತಂಡಗಳು ಆಡುವ ನ್ಯಾಶ್‌ವಿಲ್ ಟೂರ್ನಿಯಲ್ಲಿ ಮೊದಲ ನಾಲ್ಕು ಶ್ರೇಯಾಂಕದವರು ನೇರ ಕ್ವಾರ್ಟರ್‌ಫೈನಲ್‌ಗೆ. ಐದನೆಯವರು ಹಿಂದಿನ ದಿನ ಒಂದು ಪಂದ್ಯ ಗೆದ್ದು ಬರಬೇಕು. ಆ ಪಾಡು ಯಾರಿಗೆ?

ಐಪಿಎಲ್‌ನ ನೆಟ್ ರನ್‌ರೇಟ್‌ನಂಥದ್ದು ಇಲ್ಲಿಲ್ಲ. 40 ಅಂಕಗಳಿಂದ ಸೋತರೂ ಅದು ಒಂದೇ ಸೋಲು. ಸಮಬಲರು ತಮ್ಮತಮ್ಮೊಳಗೆ ಆಡಿದ ಪಂದ್ಯಗಳನ್ನಷ್ಟೇ ಮೊದಲು ನೋಡುತ್ತಾರೆ. ಕೆಂಟಕಿ 2–1, ಅಲಬಾಮಾ ಮತ್ತು ಆಬರ್ನ್ 2–2, ಸೌತ್ ಕೆರೊಲಿನಾ 1–2. ಅಲಬಾಮಾ, ಆಬರ್ನ್ ನಡುವಿನ ಗಂಟು ಬಿಚ್ಚಲು ಪಟ್ಟಿಯ ಮೇಲಿನಿಂದ ಒಂದೊಂದೇ ತಂಡದ ವಿರುದ್ಧದ ಸಾಧನೆ ನೋಡುತ್ತ ಇಳಿದರು. ಆರನೆಯ ಫ್ಲಾರಿಡಾವನ್ನು ಅಲಬಾಮಾ ಒಮ್ಮೆ ಮಣಿಸಿತ್ತು, ಆಬರ್ನ್‌ಗೆ ಆಗಿರಲಿಲ್ಲ. ಅಲಬಾಮಾ ಮೂರು, ಆಬರ್ನ್ ನಾಲ್ಕು.

ನನ್ನ ತಕರಾರು ಸೌತ್ ಕೆರೊಲಿನಾದ ಪರ. ಋತುವಿನ ಆರಂಭದಲ್ಲಿ ಪತ್ರಕರ್ತರು 14 ತಂಡಗಳಲ್ಲಿ ಕೊನೆಯ ಸ್ಥಾನಕ್ಕೆ ತಳ್ಳಿದ್ದ ತಂಡವದು. ತಲಾ 18 ಪಂದ್ಯಗಳಾದ್ದರಿಂದ ಐದು ತಂಡಗಳೊಡನೆ ಎರಡೆರಡು ಬಾರಿ, ಉಳಿದ ಎಂಟರೊಡನೆ ಒಮ್ಮೆ ಮಾತ್ರ ಆಟ. ಅಲಬಾಮಾ, ಆಬರ್ನ್ ಎರಡನ್ನೂ ಅದು ಒಂದೊಂದೇ ಸಲ, ಅದೂ ಅವರವರ ಊರಿನಲ್ಲೇ ಎದುರಿಸಿತು. ತನ್ನೂರಲ್ಲಿ ಮರುಪಂದ್ಯವೇ ಇಲ್ಲದ ತಂಡವನ್ನು ಅದೇ ಪಂದ್ಯಗಳಿಂದ ಅಳೆದರು.

ನಿಯಮಗಳ ಕ್ರಮ ಅದಲುಬದಲು ಮಾಡಿ ನೋಡಿ. ಅಗ್ರಸ್ಥಾನಿಯ ವಿರುದ್ಧದ ಸಾಧನೆ ಮೊದಲು ಬಂದಿದ್ದರೆ? ಟೆನ್ನೆಸ್ಸಿ ಎದುರು ಕೆಂಟಕಿ 1–1, ಸೌತ್ ಕೆರೊಲಿನಾ 1–1. ಅಲಬಾಮಾ, ಆಬರ್ನ್ ಒಮ್ಮೆಯೂ ಗೆದ್ದಿಲ್ಲ. ಉಳಿದಿಬ್ಬರಲ್ಲಿ ಸೌತ್ ಕೆರೊಲಿನಾ ಜನವರಿಯಲ್ಲಿ ಕೆಂಟಕಿಯನ್ನು 79–62ರಿಂದ ಸೋಲಿಸಿತ್ತು. ಅಲ್ಲಿಗೆ ಐದನೆಯ ತಂಡ ಎರಡನೆಯದಾಯಿತು! ಒಂದು ಪಂದ್ಯದ ಫಲಿತಾಂಶವನ್ನೂ ಮುಟ್ಟದೆ.

ನಡೆದದ್ದು ಬೇರೆ. ಸೌತ್ ಕೆರೊಲಿನಾ ಅರ್ಕಾನ್ಸಾಸನ್ನು 80–66ರಿಂದ ಮಣಿಸಿ, ಮರುದಿನವೇ ಆಬರ್ನ್‌ಗೆ 86–55ರಿಂದ ಶರಣಾಯಿತು. ಅದೇ ದಿನ ಮೊದಲ ಮೂರು ಶ್ರೇಯಾಂಕದವರೂ ಸೋತರು. ಕಪ್ ಆಬರ್ನ್ ಪಾಲಾಯಿತು. ನಿಯಮ ಸರಿಯೆನ್ನುವವರು ಆ 31 ಅಂಕಗಳ ಅಂತರವನ್ನು ತೋರಿಸಬಹುದು. ಒಂದು ತಂಡ ವಿರಮಿಸಿ ಬಂದಿತ್ತು, ಇನ್ನೊಂದು ಆಡಿ ಬಂದಿತ್ತು ಎಂಬುದನ್ನು ಮಾತ್ರ ನಾನು ಬಿಟ್ಟುಕೊಡಲಾರೆ.