ಸಾವಿಲ್ಲದವನ ಪ್ರೇಮಕಥೆ

ಸತ್ತವನು ಗೋರಿಯಿಂದ ಎದ್ದು ಬಂದರೆ ಯಾರಿಗಾದರೂ ಹೆದರಿಕೆಯೇ. ಆದರೆ ಹಾಗೆ ಎದ್ದು ಬಂದವನು ಸುಂದರನೂ ಸುಸಂಸ್ಕೃತನೂ ಆಗಿದ್ದು, ‘ನಿನಗಾಗಿ ಇನ್ನೂರು ವರ್ಷ ಕಾದಿದ್ದೇನೆ’ ಎಂದರೆ? ಹೆದರಿಕೆಯ ಜಾಗದಲ್ಲಿ ಕುತೂಹಲ ಬಂದು ಕೂರುತ್ತದೆ. ಇಂಗ್ಲಿಷಿನ ‘ವ್ಯಾಂಪೈರ್’ ಪ್ರಣಯ ಕಾದಂಬರಿಗಳ, ಅದರಲ್ಲೂ ಹಿಂದಿನ ಕಾಲದಲ್ಲಿ ನಡೆಯುವ ಐತಿಹಾಸಿಕ ಕಾದಂಬರಿಗಳ ಮೋಡಿ ಇರುವುದು ಇಲ್ಲಿಯೇ. ಇವನ್ನು ಹಿಡಿದು ಕೂತ ಮಕ್ಕಳಿಗೆ ಊಟದ ನೆನಪಿರುವುದಿಲ್ಲ. ‘ಪಾಠ ಓದುವುದು ಬಿಟ್ಟು ಇದೆಂಥ ಪಿಶಾಚಿಯ ಗೀಳು’ ಎಂದು ಹೆತ್ತವರು ಗೊಣಗುತ್ತಾರೆ. ಆ ಪುಸ್ತಕಗಳ ಒಳಗೆ ಏನಿದೆ ಎಂಬುದನ್ನು ಇಬ್ಬರೂ ಒಮ್ಮೆ ನೋಡುವುದು ಒಳ್ಳೆಯದು.

ಹಳ್ಳಿಯ ಗೋರಿಯಿಂದ ಔತಣಕೂಟಕ್ಕೆ

ವ್ಯಾಂಪೈರ್ ಎಂದರೆ ಗೋರಿಯಿಂದೆದ್ದು ಬದುಕಿರುವವರ ರಕ್ತ ಹೀರುವ ಪ್ರೇತ. ಜನರ ನಂಬಿಕೆಯಲ್ಲಿ ಅದಕ್ಕೆ ಯಾವ ಚೆಲುವೂ ಇರಲಿಲ್ಲ. 1725ರಲ್ಲಿ ಸರ್ಬಿಯಾದ ಹಳ್ಳಿಯೊಂದರಲ್ಲಿ ಕೆಲವೇ ದಿನಗಳಲ್ಲಿ ಹಲವರು ತೀರಿಕೊಂಡರು. ಸ್ವಲ್ಪ ಮುಂಚೆ ಸತ್ತಿದ್ದ ರೈತನೇ ಇದಕ್ಕೆ ಕಾರಣವೆಂದು ಜನ ಅವನ ಗೋರಿ ಅಗೆದು, ಹೆಣದ ಎದೆಗೆ ಗೂಟ ಬಡಿದರು. ಹೂತ ದೇಹ ಊದಿಕೊಂಡು ಬಾಯಲ್ಲಿ ರಕ್ತ ಒಸರುವುದು ಕೊಳೆಯುವಿಕೆಯ ಸಹಜ ಕ್ರಿಯೆ ಎಂಬುದು ಅವರಿಗೆ ತಿಳಿದಿರಲಿಲ್ಲ. 1755ರಲ್ಲಿ ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ ತನ್ನ ವೈದ್ಯ ಗೆರಾರ್ಡ್ ವಾನ್ ಸ್ವೀಟೆನ್‌ನಿಂದ ವರದಿ ಪಡೆದು, ಹೀಗೆ ಗೋರಿ ಅಗೆಯುವುದನ್ನು ನಿಷೇಧಿಸಿದಳು.

ಕಾನೂನು ಓಡಿಸಿದ ಪ್ರೇತವನ್ನು ಸಾಹಿತ್ಯ ಒಳಗೆ ಕರೆದುಕೊಂಡಿತು. ಕವಿ ಬೈರನ್ನನ ಖಾಸಗಿ ವೈದ್ಯನಾಗಿದ್ದ ಜಾನ್ ಪೊಲಿಡೊರಿ 1819ರಲ್ಲಿ ಪ್ರಕಟವಾದ ತನ್ನ ಕಥೆಯಲ್ಲಿ ವ್ಯಾಂಪೈರನನ್ನು ಲಂಡನ್ನಿನ ಔತಣಕೂಟಗಳಲ್ಲಿ ಎಲ್ಲರ ಕಣ್ಣು ಸೆಳೆಯುವ ಶ್ರೀಮಂತನನ್ನಾಗಿ ಮಾಡಿದ. 1897ರಲ್ಲಿ ಬಂದ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಲೋಕಪ್ರಸಿದ್ಧ. ಆದರೆ ಆ ಕಾದಂಬರಿಯ ಡ್ರಾಕುಲಾ ಪ್ರೇಮಿಯಲ್ಲ, ಬೇಟೆಗಾರ. ಸತ್ತ ಮಡದಿಗಾಗಿ ನಾಲ್ಕು ಶತಮಾನ ಹಂಬಲಿಸಿದವನು ಎಂಬ ಪ್ರಣಯ ಕಾದಂಬರಿಯಲ್ಲಿಲ್ಲ, 1992ರ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಚಲನಚಿತ್ರದಲ್ಲಿದೆ.

ಚರಿತ್ರೆಯ ಸಾಕ್ಷಿ

ಅದಕ್ಕೂ ಮೊದಲೇ ಕಾದಂಬರಿಗಳು ಈ ದಾರಿ ಹಿಡಿದಿದ್ದವು. ಅಮೆರಿಕದ ಲೇಖಕಿ ಚೆಲ್ಸಿ ಕ್ವಿನ್ ಯಾರ್ಬ್ರೊ 1978ರಲ್ಲಿ ‘ಹೋಟೆಲ್ ಟ್ರಾನ್ಸಿಲ್ವೇನಿಯಾ’ ಬರೆದರು. ಕಥೆ ನಡೆಯುವುದು 1743ರ ಪ್ಯಾರಿಸ್‌ನಲ್ಲಿ, ಹದಿನೈದನೆಯ ಲೂಯಿಯ ಕಾಲದಲ್ಲಿ. ನಾಯಕ ಕೌಂಟ್ ಸೇಂಟ್ ಜರ್ಮೇನ್. ಈ ಹೆಸರಿನ ವ್ಯಕ್ತಿ ನಿಜವಾಗಿಯೂ ಇದ್ದ. ವಯಸ್ಸೇ ಆಗದವನು ಎಂದು ಯೂರೋಪಿನ ಅರಮನೆಗಳಲ್ಲಿ ಗುಸುಗುಸು ಹುಟ್ಟಿಸಿದ್ದ ಆತ ತೀರಿಕೊಂಡದ್ದು 1784ರಲ್ಲಿ. ಯಾರ್ಬ್ರೊ ಆ ಗುಸುಗುಸುವನ್ನೇ ನಿಜವೆಂದು ಹಿಡಿದು ಅವನನ್ನು ಸಾವಿರಾರು ವರ್ಷ ಬದುಕಿದ ವ್ಯಾಂಪೈರನನ್ನಾಗಿ ಮಾಡಿದರು. ಮುಂದಿನ ಪುಸ್ತಕಗಳಲ್ಲಿ ಅವನು ನೀರೋನ ರೋಮ್‌ನಲ್ಲಿದ್ದಾನೆ, ಸವೊನರೋಲ ಎಂಬ ಸಂನ್ಯಾಸಿ ಚಿತ್ರಗಳನ್ನೂ ಪುಸ್ತಕಗಳನ್ನೂ ಸುಡಿಸಿದ ಫ್ಲಾರೆನ್ಸ್‌ನಲ್ಲಿದ್ದಾನೆ, ಚೆಂಗೀಸ್ ಖಾನನ ಕಾಲದ ಚೀನಾದಲ್ಲಿದ್ದಾನೆ.

ವಿಶೇಷವೆಂದರೆ, ಇಲ್ಲಿ ರಕ್ತ ಕುಡಿಯುವವನು ಕ್ರೂರಿಯಲ್ಲ. ಹುಡುಗಿಯನ್ನು ಸೈತಾನನಿಗೆ ಬಲಿ ಕೊಡಲು ಹೊಂಚುವವರು, ಪುಸ್ತಕ ಸುಡುವವರು, ಊರು ಲೂಟಿ ಮಾಡುವವರು ಎಲ್ಲರೂ ಮನುಷ್ಯರೇ. ರಾಕ್ಷಸ ಯಾರು ಎಂಬ ಪ್ರಶ್ನೆಯನ್ನು ಓದುಗ ತಾನೇ ಕೇಳಿಕೊಳ್ಳಬೇಕಾಗುತ್ತದೆ. ಪಠ್ಯಪುಸ್ತಕದಲ್ಲಿ ಇಸವಿಗಳ ಪಟ್ಟಿಯಾಗಿದ್ದ ಚರಿತ್ರೆ, ಅದನ್ನು ಕಣ್ಣಾರೆ ಕಂಡವನೊಬ್ಬನ ನೆನಪಾಗಿ ಬರುವಾಗ ಹತ್ತಿರವಾಗುತ್ತದೆ. ಅವನು ಪ್ರೀತಿಸಿದ್ದರಿಂದ ಆ ಕಾಲದ ಒಂದು ಮುಖವಾದರೂ ಓದುಗರಿಗೆ ಪರಿಚಯವಾಗಿ ಉಳಿಯುತ್ತದೆ.

ಬೆಳೆಯದ ಮಗು

ಈ ಸಾಹಿತ್ಯದ ಆಳದಲ್ಲಿ ಒಂದು ದುಃಖವೂ ಇದೆ. ಆನ್ ರೈಸ್ ಅವರ ‘ಇಂಟರ್‌ವ್ಯೂ ವಿತ್ ದಿ ವ್ಯಾಂಪೈರ್’ 1976ರಲ್ಲಿ ಬಂತು. ಅಚ್ಚ ಪ್ರಣಯ ಕಾದಂಬರಿಯಲ್ಲದಿದ್ದರೂ ಪಿಶಾಚಿಯ ಬಾಯಿಂದಲೇ ಅವನ ಸಂಕಟವನ್ನು ಹೇಳಿಸಿ, ಮುಂದೆ ಬಂದ ಅನೇಕರಿಗೆ ದಾರಿ ತೋರಿದ ಕೃತಿ ಅದು. 1791ರಲ್ಲಿ ನ್ಯೂ ಆರ್ಲಿಯನ್ಸ್ ಬಳಿಯ ತೋಟದ ಮಾಲೀಕನಾಗಿದ್ದ ಲೂಯಿ ವ್ಯಾಂಪೈರ್ ಆಗುತ್ತಾನೆ. ಅವನ ಜೊತೆಗೆ ಕ್ಲಾಡಿಯಾ ಎಂಬ ಪುಟ್ಟ ಹುಡುಗಿ. ಅವಳಿಗೆ ಸಾವಿಲ್ಲ, ಆದರೆ ಬೆಳವಣಿಗೆಯೂ ಇಲ್ಲ. ಮನಸ್ಸು ಹೆಂಗಸಿನದಾದರೂ ದೇಹ ಮಗುವಿನದೇ. ಇದನ್ನು ಬರೆಯುವ ಮುನ್ನ, 1972ರಲ್ಲಿ, ರೈಸ್ ತಮ್ಮ ಐದು ವರ್ಷದ ಮಗಳನ್ನು ರಕ್ತದ ಕ್ಯಾನ್ಸರ್‌ಗೆ ಕಳೆದುಕೊಂಡಿದ್ದರು. ಸಾಯದೇ ಉಳಿದ ಮಗುವೂ ಸುಖವಾಗಿರಲಿಲ್ಲ ಎಂದು ಬರೆದ ತಾಯಿಯ ಪುಸ್ತಕವನ್ನು ಬರೀ ಭೂತದ ಕಥೆ ಎಂದು ಬದಿಗಿಡಲಾಗದು.

ಪ್ರೀತಿಸಿದವರು ಹೋಗಿಬಿಡುತ್ತಾರೆ, ಉಳಿದವನು ನೆನಪು ಹೊತ್ತು ನಡೆಯಬೇಕು. ಅಜ್ಜಿಯನ್ನೋ ಗೆಳೆಯನನ್ನೋ ಕಳೆದುಕೊಂಡು, ಅದನ್ನು ಯಾರೊಡನೆಯೂ ಆಡಲಾರದ ಹದಿಹರೆಯದವರಿಗೆ ಈ ಕಥೆಗಳು ಹತ್ತಿರವಾಗುವುದರಲ್ಲಿ ಆಶ್ಚರ್ಯವಿಲ್ಲ.

ಹೆತ್ತವರು ಕೇಳಬೇಕಾದ ಪ್ರಶ್ನೆ

ಹಾಗೆಂದು ಎಲ್ಲವೂ ಸರಿಯೆಂದಲ್ಲ. ಶತಮಾನಗಳನ್ನು ಕಂಡ ಗಂಡಸು, ಲೋಕ ಕಾಣದ ಹುಡುಗಿ. ಈ ಜೋಡಿಯಲ್ಲಿ ತಿಳಿವಳಿಕೆ, ಹಣ, ಬಲ ಎಲ್ಲವೂ ಒಬ್ಬನ ಕಡೆಗೇ ಇದೆ. 2005ರಲ್ಲಿ ಬಂದ ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ ಇಂದಿನ ಕಾಲದ ಕಥೆಯಾದರೂ ಅದರ ನಾಯಕ ಎಡ್ವರ್ಡ್ ಹುಟ್ಟಿದ್ದು 1901ರಲ್ಲಿ. 1918ರ ಇನ್‌ಫ್ಲುಯೆನ್ಸಾದಲ್ಲಿ ಸಾಯುತ್ತಿದ್ದಾಗ ವ್ಯಾಂಪೈರ್ ಆದವನು. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಇದೇ ಜ್ವರ. ಅವನು ಹುಡುಗಿಗೆ ತಿಳಿಯದಂತೆ ರಾತ್ರಿ ಅವಳ ಕೋಣೆಗೆ ಬಂದು, ಮಲಗಿದವಳನ್ನು ನೋಡುತ್ತಾ ನಿಲ್ಲುತ್ತಾನೆ. ಪುಸ್ತಕ ಅದನ್ನು ಪ್ರೇಮವೆನ್ನುತ್ತದೆ. ನಮ್ಮ ಬೀದಿಯಲ್ಲಿ ಯಾರಾದರೂ ಹಾಗೆ ಮಾಡಿದರೆ ನಾವು ಪೊಲೀಸರನ್ನು ಕರೆಯುತ್ತೇವೆ.

ಪುಸ್ತಕ ಕಿತ್ತಿಟ್ಟರೆ ಮಕ್ಕಳು ಅದನ್ನೇ ಕದ್ದು ಓದುತ್ತಾರೆ. ಅದರ ಬದಲು ಒಂದು ಪ್ರತಿಯನ್ನು ನೀವೂ ಓದಿ, ರಾತ್ರಿ ಊಟದ ಹೊತ್ತಿಗೆ ಮಾತಿಗೆಳೆಯಿರಿ. ಮಾತು ಆರಂಭಿಸಲು ಸ್ಟೋಕರನ ಡ್ರಾಕುಲಾಗಿದ್ದ ಒಂದು ಕಟ್ಟುಪಾಡೇ ಸಾಕು: ಮನೆಯವರೊಬ್ಬರು ಮೊದಲು ಒಳಗೆ ಕರೆಯದೆ ಅವನು ಹೊಸ್ತಿಲು ದಾಟುವಂತಿರಲಿಲ್ಲ. ‘ನಿನ್ನ ಪುಸ್ತಕದ ನಾಯಕ ಕೇಳಿ ಒಳಗೆ ಬಂದನೋ, ಕೇಳದೆ ಬಂದನೋ?’ ಎಂದು ಮಗಳನ್ನು ಕೇಳಿ ನೋಡಿ, ಮಗನನ್ನೂ ಕೇಳಿ.